ಗಿಡುಗಗಳ ಗಣನೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಹದ್ದು ಗಿಡುಗಗಳು ಹೊಸವಲ್ಲ. ಆದರೆ ರಾಗಿಯ ಕೊಯ್ಲಿನ ಕಾಲಕ್ಕೆ ದೂರದೇಶದ ಗಿಡುಗಗಳೂ ಬಂದು, ತೋಟಗಳಾಚೆಯ ಬಯಲುಗಳ ಮೇಲೆ ತಗ್ಗಾಗಿ ತೇಲುತ್ತಿರುವುವು. ಇವುಗಳಿಗೆ ಸೆಳೆವಗಳೆಂದು ಹೆಸರು. ಮಧ್ಯ ಏಷ್ಯದ ಹುಲ್ಲುಗಾವಲುಗಳಲ್ಲಿ ಮರಿಮಾಡುವ ಈ ಪಕ್ಷಿಗಳು ಚಳಿಗಾಲವನ್ನು ಇಲ್ಲಿ ಕಳೆದು, ಮಿಡತೆ ಇಲಿಗಳನ್ನು ತಿಂದು, ಬೇಸಗೆಯಲ್ಲಿ ಹಿಂದಿರುಗುವುವು.

ಕನ್ನಡನಾಡಿಗೆ ಗಿಡುಗದ ಪರಿಚಯವು ಬಹು ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ, ಗಿಡುಗಗಳಿಂದ ಬೇಟೆಯಾಡಿಸುವ ಶ್ಯೇನವಿನೋದದ ವರ್ಣನೆಯಿದೆ. 1939-40ರಲ್ಲಿ ಸಾಲಿಂ ಅಲಿಯವರು ಮೈಸೂರು ಸಂಸ್ಥಾನದ ಪಕ್ಷಿಗಳನ್ನು ಪರಿಶೀಲಿಸಿದರು. ಆದರೆ ಒಂದೇ ಬೆಟ್ಟದ ಮೇಲೆ ಕುಳಿತು, ಹಾದುಹೋಗುವ ಗಿಡುಗಗಳನ್ನು ವರ್ಷವರ್ಷವೂ ಎಣಿಸುವ ಕಾರ್ಯವು ಬೇರೆಯೇ ಬಗೆಯದು. ಅದರ ಪ್ರಸಿದ್ಧ ನಿದರ್ಶನವು ಅಮೆರಿಕದ ಪೆನ್ಸಿಲ್ವೇನಿಯಾ ಪ್ರಾಂತದಲ್ಲಿದೆ.

ಅಲ್ಲಿಯ ಕಿಟಟಿನಿ ಎಂಬ ಉದ್ದನೆಯ ಬೆಟ್ಟಸಾಲಿಗೆ ಬಡಿದ ಗಾಳಿಯು ಮೇಲಕ್ಕೇಳುವುದು. ಶರತ್ಕಾಲದಲ್ಲಿ ದಕ್ಷಿಣಕ್ಕೆ ಹೊರಟ ಗಿಡುಗಗಳು ಆ ಗಾಳಿಯನ್ನೇ ಆಶ್ರಯಿಸಿ, ರೆಕ್ಕೆ ಬಡಿಯುವ ಶ್ರಮವಿಲ್ಲದೆ ಸಾಗುವುವು. ಈ ಅನುಕೂಲವೇ ಅವುಗಳಿಗೆ ಮೃತ್ಯುವಾಯಿತು. ಬೇಟೆಗಾರರು ಶಿಖರದಲ್ಲಿ ನೆರೆದು ಅವುಗಳನ್ನು ಗುಂಡಿಕ್ಕಿ ಉರುಳಿಸುತ್ತಿದ್ದರು. 1932ರಲ್ಲಿ ರಿಚರ್ಡ್ ಪೌ ಎಂಬವರು ಸತ್ತ ಹಕ್ಕಿಗಳನ್ನು ಸಾಲಾಗಿ ಇರಿಸಿ ಛಾಯಾಚಿತ್ರ ತೆಗೆದರು. ಅದರಿಂದ ಮನನೊಂದ ರೋಸಲಿ ಎಡ್ಜ್ ಎಂಬ ಮಹಿಳೆಯು 1934ರಲ್ಲಿ ಸುಮಾರು 1,400 ಎಕರೆ ಬೆಟ್ಟವನ್ನು ಗುತ್ತಿಗೆಗೆ ಪಡೆದು, ಮಾರಿಸ್ ಬ್ರೌನ್ ದಂಪತಿಗಳನ್ನು ಕಾವಲಿಗಿರಿಸಿದಳು. ಬಂದೂಕಿನ ಸದ್ದು ಅಡಗಿತು. ಬ್ರೌನನು ಬಂಡೆಯ ಮೇಲೆ ಕುಳಿತು ಎಣಿಕೆಯನ್ನು ಆರಂಭಿಸಿದನು.

ಆ ಲೆಕ್ಕದಿಂದ ಏನು ಪ್ರಯೋಜನವೆಂದು ಆಗ ಯಾರಿಗೂ ತೋರಿರಲಾರದು. ಆದರೆ 1962ರಲ್ಲಿ ರೇಚಲ್ ಕಾರ್ಸನ್ ತನ್ನ ಸುಪ್ರಸಿದ್ಧ ಗ್ರಂಥದಲ್ಲಿ ಆ ಅಂಕಿಗಳನ್ನೇ ಸಾಕ್ಷಿಯಾಗಿ ನಿಲ್ಲಿಸಿದಳು. 1935-39ರಲ್ಲಿ ಅಲ್ಲಿ ಕಂಡ ಬಿಳಿದಲೆಯ ಹದ್ದುಗಳಲ್ಲಿ ನೂರಕ್ಕೆ 40 ಎಳೆಯವು. 1955-59ರಲ್ಲಿ ನೂರಕ್ಕೆ 20 ಮಾತ್ರ. 1957ರಲ್ಲಂತೂ 32 ಬೆಳೆದ ಹಕ್ಕಿಗಳಿಗೆ ಒಂದೇ ಒಂದು ಎಳೆಯದು. ಹಿರಿಯ ಹಕ್ಕಿಗಳು ಆಕಾಶದಲ್ಲಿದ್ದರೂ ಸಂತತಿಯು ನಿಲ್ಲುತ್ತಿದ್ದಿತು. ಬೆಳೆಗಳಿಗೆ ಎರಚಿದ ಡಿ.ಡಿ.ಟಿ. ವಿಷವು ಆಹಾರದ ಮೂಲಕ ಹಕ್ಕಿಗಳ ಮೈಸೇರಿ, ಮೊಟ್ಟೆಯ ಚಿಪ್ಪನ್ನು ತೆಳುವಾಗಿಸುವುದೆಂದು ಮುಂದೆ ಸಿದ್ಧವಾಯಿತು. 1972ರಲ್ಲಿ ಅಮೆರಿಕವು ವ್ಯವಸಾಯದಲ್ಲಿ ಅದರ ಬಳಕೆಯನ್ನು ನಿಷೇಧಿಸಿತು. ಹದ್ದುಗಳ ಸಂತತಿಯು ಮತ್ತೆ ಚೇತರಿಸಿತು.

ತೆಂಗಿನ ಸೀಮೆಯವರಿಗೆ ಈ ನೀತಿಯು ಸುಲಭವಾಗಿ ತಿಳಿಯತಕ್ಕದ್ದು. ಒಂದು ಸಲ ಕಾಯಿ ಕಡಮೆಯಾದರೆ ತೋಟಗಾರನು ಮರವನ್ನು ಹಳಿಯುವುದಿಲ್ಲ. ಹಲವು ವರ್ಷಗಳ ಲೆಕ್ಕವು ಇಳಿಯುತ್ತ ಬಂದರೆ ಬುಡವನ್ನು ಪರೀಕ್ಷಿಸುವನು. ಗಿಡುಗಗಳ ಲೆಕ್ಕವೂ ಅಂತಹುದೇ. ಇದೇ ತುಮಕೂರು ಜಿಲ್ಲೆಯ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ, 2007ರಲ್ಲಿ ಕೃಷ್ಣಮೃಗಗಳಿಗಾಗಿ ಘೋಷಿತವಾದ ಜಯಮಂಗಲಿ ಮೀಸಲು ಪ್ರದೇಶದ ಹುಲ್ಲುಬಯಲು ಸೆಳೆವಗಳಿಗೂ ಆಸರೆಯಾಗಿದೆ. ಅಂತಹ ಬಯಲುಗಳು ಒಂದೊಂದಾಗಿ ಉಳುಮೆಗೂ ಕಟ್ಟಡಗಳಿಗೂ ಸಲ್ಲುತ್ತಿರುವಾಗ, ಬರುವ ಅತಿಥಿಗಳನ್ನು ಎಣಿಸಿಡದಿದ್ದರೆ, ಬಾರದೆ ಹೋದವುಗಳ ನೆನಪೂ ಉಳಿಯಲಾರದು.