ನೀರು ಹೊತ್ತ ಚರ್ಮ

ಕಳೆದ ಚಳಿಗಾಲದಲ್ಲಿ ಬೆಂಗಳೂರಿನ ಒಂದು ಕರಕುಶಲ ಮೇಳಕ್ಕೆ ಹೋಗಿದ್ದೆವು. ಅಲ್ಲಿನ ಒಂದು ಮಳಿಗೆಯಲ್ಲಿ ನೀರಿನ ಬಾಟಲಿಯನ್ನು ಹೆಗಲಿಗೆ ತೂಗುಹಾಕಿಕೊಳ್ಳುವ ಚರ್ಮದ ಚೀಲಗಳನ್ನು ಸಾಲಾಗಿ ನೇತುಹಾಕಿದ್ದರು. ಜೇನಿನ ಬಣ್ಣ, ಒತ್ತಾದ ಹೊಲಿಗೆ, ಹಿತ್ತಾಳೆಯ ಬಕ್ಕಲು. ‘ಕೈಯಿಂದ ಮಾಡಿದ್ದು’ ಎಂಬ ಚೀಟಿ ಬೇರೆ. ಬೆಲೆ ಎರಡು ಸಾವಿರಕ್ಕೂ ಮೇಲು. ಯಾರ ಕೈ ಎಂದು ಕೇಳಿದೆವು. ಮಳಿಗೆಯ ಹುಡುಗ ನಕ್ಕು, “ನಮ್ಮ ಕಾರೀಗರರದ್ದು ಸಾರ್” ಎಂದಷ್ಟೇ ಹೇಳಿ ಬೇರೆ ಗಿರಾಕಿಯ ಕಡೆ ತಿರುಗಿದ. ಅವನಿಗೆ ಅದಕ್ಕಿಂತ ಹೆಚ್ಚು ಗೊತ್ತಿರಲಿಕ್ಕಿಲ್ಲ.

ಚರ್ಮ ಮತ್ತು ನೀರಿನ ನಂಟು ನಮ್ಮ ನಾಡಿನಲ್ಲಿ ಬಹಳ ಹಳೆಯದು. ಇಂದು ಚರ್ಮ ಬಾಟಲಿಯ ಹೊರಗಿನ ಅಲಂಕಾರ. ಒಂದು ಕಾಲದಲ್ಲಿ ಚರ್ಮವೇ ಬಾಟಲಿಯಾಗಿತ್ತು. ಅದನ್ನು ಮಶಕ್ ಎನ್ನುತ್ತಿದ್ದರು. ಹೊತ್ತವನು ಭಿಸ್ತಿ. ಈ ಪದ ಫಾರ್ಸಿಯ ‘ಬಿಹಿಶ್ತಿ’ ಎಂಬುದರಿಂದ ಬಂದಿದೆ. ಅಂದರೆ ಸ್ವರ್ಗದವನು. ಬಾಯಾರಿದವನಿಗೆ ನೀರು ಕೊಡುವವನಿಗೆ ಇದಕ್ಕಿಂತ ದೊಡ್ಡ ಬಿರುದು ಇರಲಾರದು. ಆದರೆ ಬಿರುದು ಕೊಟ್ಟ ಸಮಾಜವೇ ಅವನನ್ನು ಎಲ್ಲಿ ಕೂರಿಸಿತು ಎಂಬುದು ಬೇರೆ ಮಾತು. ಅದನ್ನು ಮುಂದೆ ನೋಡೋಣ.

ಮಶಕ್ ಮಾಡುವುದು ಸುಲಭದ ಕೆಲಸವಲ್ಲ. ಮೊದಲನೆಯದಾಗಿ, ಆಡಿನ ಚರ್ಮವನ್ನು ಹೊಟ್ಟೆ ಸೀಳಿ ಬಿಚ್ಚುವಂತಿಲ್ಲ. ಅಂಗಿ ಕಳಚುವ ಹಾಗೆ ಇಡಿಯಾಗಿ ಸುಲಿಯಬೇಕು. ಚೂರಿ ಎಲ್ಲಾದರೂ ಒಂದು ಕಡೆ ತಾಗಿತೆಂದರೆ ಅಲ್ಲೇ ಸೋರಿಕೆ. ಆಮೇಲೆ ಸುಣ್ಣದ ನೀರಿನಲ್ಲಿ ನೆನೆಸಿ ರೋಮ ತೆಗೆಯಬೇಕು, ಒಳಗಿನ ಮಾಂಸದ ಪೊರೆ ಕೆರೆಯಬೇಕು, ಜಾಲಿ ತೊಗಟೆಯ ಕಷಾಯದಲ್ಲಿ ದಿನಗಟ್ಟಲೆ ಹದ ಮಾಡಬೇಕು. ತೊಗಟೆಯ ಒಗರು ಚರ್ಮದ ಎಳೆ ಎಳೆಗೂ ಇಳಿದರೆ ಮಾತ್ರ ಅದು ಕೊಳೆಯುವುದಿಲ್ಲ. ಕಾಲುಗಳ ತುದಿಯನ್ನು ಬಿಗಿಯಾಗಿ ಕಟ್ಟಿ, ಉಳಿದ ರಂಧ್ರಗಳನ್ನು ಹೊಲಿದು, ಕುತ್ತಿಗೆಯನ್ನು ಬಾಯಿಯಾಗಿ ಬಿಟ್ಟರೆ ಮಶಕ್ ಸಿದ್ಧ. ಸುಮಾರು 30 ಲೀಟರ್ ನೀರು ಹಿಡಿಯುತ್ತದೆ. ಭಿಸ್ತಿ ಅದನ್ನು ಪಟ್ಟಿಯಿಂದ ಹೆಗಲಿಗೆ ಹಾಕಿ ಸೊಂಟದ ಮೇಲೆ ಒರಗಿಸಿಕೊಂಡು, ಬಾಯಿಯನ್ನು ಮುಷ್ಟಿಯಲ್ಲಿ ಹಿಡಿದು ನಡೆಯುತ್ತಾನೆ. ಮುಷ್ಟಿ ಸಡಿಲಿಸಿದರೆ ನೀರು, ಬಿಗಿದರೆ ನಿಂತಿತು. ಆ ಮುಷ್ಟಿಯೇ ನಲ್ಲಿ.

ಹೊರಮೈ ಸದಾ ಸ್ವಲ್ಪ ಜಿನುಗುತ್ತದೆ. ಜಿನುಗಿದ ನೀರು ಆವಿಯಾಗುವಾಗ ಒಳಗಿನ ಶಾಖವನ್ನು ಎಳೆದುಕೊಳ್ಳುತ್ತದೆ. ಮಣ್ಣಿನ ಹೂಜಿಯ ಗುಟ್ಟೂ ಇದೇ. ಆದರೆ ಹೂಜಿ ಬಿದ್ದರೆ ಒಡೆಯುತ್ತದೆ, ಮಶಕ್ ಒಡೆಯುವುದಿಲ್ಲ. ಅದಕ್ಕೆ ಇರುವ ಶತ್ರು ಒಣಗುವಿಕೆ. ನಾಲ್ಕು ದಿನ ಕೆಲಸವಿಲ್ಲದೆ ಗೋಡೆಗೆ ನೇತುಬಿದ್ದ ಮಶಕ್ ಬಿರುಕು ಬಿಡುತ್ತದೆ. ಹೀಗಾಗಿ ಭಿಸ್ತಿಗೆ ರಜೆ ಇದ್ದರೂ ಮಶಕ್‌ಗೆ ಇರಲಿಲ್ಲ.

ಭಿಸ್ತಿಗಳ ಚರಿತ್ರೆ ಎಂದೊಡನೆ ಎಲ್ಲರೂ ನಿಝಾಮನ ಕಥೆ ಹೇಳುತ್ತಾರೆ. 1539ರ ಜೂನ್‌ನಲ್ಲಿ ಬಿಹಾರದ ಚೌಸಾದಲ್ಲಿ ಶೇರ್ ಖಾನನ ಸೈನ್ಯ ಮೊಗಲರ ಪಾಳೆಯದ ಮೇಲೆ ಹಠಾತ್ತನೆ ಎರಗಿತು. ಗಂಗೆಗೆ ಇಳಿದ ಹುಮಾಯೂನನ ಕುದುರೆ ಕೈಬಿಟ್ಟಿತು. ಆಗ ಒಬ್ಬ ನೀರು ಹೊರುವವನು ತನ್ನ ಮಶಕ್‌ಗೆ ಗಾಳಿ ತುಂಬಿಸಿ ಬಾದಶಹನನ್ನು ದಡ ಸೇರಿಸಿದ. ಊದಿದ ಚರ್ಮದ ಮೇಲೆ ನದಿ ದಾಟುವ ವಿದ್ಯೆ ಹೊಸತೇನಲ್ಲ. ಕ್ರಿಸ್ತಪೂರ್ವ 9ನೆಯ ಶತಮಾನದ ಅಸ್ಸೀರಿಯದ ಶಿಲ್ಪಗಳಲ್ಲೇ ಸೈನಿಕರು ಹಾಗೆ ಈಜುವ ಚಿತ್ರವಿದೆ. ಹೊಸತು ಇದ್ದದ್ದು ಮುಂದೆ ನಡೆದುದರಲ್ಲಿ. ಆಗ್ರಾಕ್ಕೆ ಮರಳಿದ ಹುಮಾಯೂನ್ ಕೊಟ್ಟ ಮಾತಿನಂತೆ ಆ ಭಿಸ್ತಿಯನ್ನು ಸಿಂಹಾಸನದ ಮೇಲೆ ಕೂರಿಸಿದ. ಅಮೀರರೆಲ್ಲ ಬಂದು ತಲೆಬಾಗಬೇಕೆಂದು ಆಜ್ಞೆಯಾಯಿತು.

ಇದು ಬರೀ ದಂತಕಥೆಯಲ್ಲ. ಹುಮಾಯೂನನ ಸಹೋದರಿ ಗುಲ್ಬದನ್ ಬೇಗಂ ತನ್ನ ‘ಹುಮಾಯೂನ್ ನಾಮಾ’ದಲ್ಲಿ ಇದನ್ನು ಬರೆದಿದ್ದಾಳೆ. ಬಾದಶಹನ ತಮ್ಮ ಕಾಮ್ರಾನನಿಗೆ ಇದು ಸರಿಬರಲಿಲ್ಲ, ಆತ ಆ ದರ್ಬಾರಿಗೇ ಬರಲಿಲ್ಲ ಎಂದೂ ಆಕೆ ದಾಖಲಿಸಿದ್ದಾಳೆ. ವೈರಿ ಬಾಗಿಲಲ್ಲಿರುವಾಗ ಇದೆಂಥ ಆಟ ಎಂಬುದು ಅವನ ಆಕ್ಷೇಪ. ರಾಜಕೀಯದ ದೃಷ್ಟಿಯಿಂದ ಕಾಮ್ರಾನ್ ಹೇಳಿದ್ದು ತಪ್ಪಲ್ಲವೆಂದು ನಮಗೂ ಅನಿಸುತ್ತದೆ. ಎಷ್ಟು ಹೊತ್ತು ಕೂತಿದ್ದ ಎಂಬುದರಲ್ಲಿ ಮಾತ್ರ ಬರೆದವರಲ್ಲಿ ಒಮ್ಮತವಿಲ್ಲ. ಗುಲ್ಬದನ್ ಎರಡು ದಿನ ಎನ್ನುತ್ತಾಳೆ, ಇತರರು ಕೆಲವು ಗಂಟೆ ಎನ್ನುತ್ತಾರೆ. ಆ ಹೊತ್ತಿನಲ್ಲಿ ಆತ ಮಶಕ್ಕನ್ನೇ ಕತ್ತರಿಸಿ ಚರ್ಮದ ನಾಣ್ಯ ಚಲಾಯಿಸಿದ ಎಂಬುದು ಜನ ಸೇರಿಸಿದ ಮಾತು. ಹುಮಾಯೂನನ ಬದುಕನ್ನು ಬರೆದ ಇನ್ನೊಬ್ಬ ಜೌಹರ್ ಕೂಡ ಆಫ್ತಾಬ್ಚಿ, ಅಂದರೆ ಬಾದಶಹನಿಗೆ ಕೈ ತೊಳೆಯಲು ನೀರು ಹಿಡಿಯುವ ಸೇವಕ. ಅರಮನೆಯ ನೀರಿನವನಿಗೆ ಲೇಖನಿ ಸಿಕ್ಕಿತು, ನದಿಯ ನೀರಿನವನಿಗೆ ಸಿಗಲಿಲ್ಲ. ನಿಝಾಮ್ ತನ್ನ ಬಾಯಿಂದ ಏನು ಹೇಳುತ್ತಿದ್ದನೋ!

ಭಿಸ್ತಿಗಳು ತಮ್ಮನ್ನು ಅಬ್ಬಾಸಿಗಳೆಂದು ಕರೆದುಕೊಳ್ಳುತ್ತಾರೆ. ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ಹಝ್ರತ್ ಹುಸೈನರ ಪಾಳೆಯಕ್ಕೆ ಫುರಾತ್ ನದಿಯ ನೀರನ್ನು ತಡೆದಾಗ, ಮಕ್ಕಳ ದಾಹ ತಣಿಸಲು ಮಶಕ್ ಹಿಡಿದು ಹೋದವರು ಅವರ ಸಹೋದರ ಅಬ್ಬಾಸ್. ಎರಡೂ ಕೈ ಕಡಿದರೂ ಮಶಕ್ ಬಿಡಲಿಲ್ಲ, ಕೊನೆಗೆ ಬಾಣ ತಾಗಿ ನೀರೆಲ್ಲ ಮರಳಿಗೆ ಹರಿಯಿತು ಎಂದು ಪರಂಪರೆ ಹೇಳುತ್ತದೆ. ಅಬ್ಬಾಸರ ಹೆಸರಿನ ಆಲಮ್‌ಗೆ ಪುಟ್ಟ ಮಶಕ್ ಕಟ್ಟುವ ರೂಢಿ ಇರುವುದು ಇದೇ ಕಾರಣಕ್ಕೆ. ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮೊಹರಂ ಬಂತೆಂದರೆ ಹಿಂದೂ ಮುಸ್ಲಿಮರೆನ್ನದೆ ರಿವಾಯತ್ ಪದ ಹಾಡುತ್ತಾರೆ. ಕರ್ಬಲಾದ ಆ ಬಾಯಾರಿಕೆ ಕನ್ನಡದಲ್ಲಿ ಕಣ್ಣೀರಾಗಿ ಹರಿದಿದೆ. ಇನ್ನೂ ಹಿಂದೆ ಹೋದರೆ, 625ರ ಉಹುದ್ ಯುದ್ಧದಲ್ಲಿ ಹಝ್ರತ್ ಆಯಿಷಾ ಮತ್ತು ಉಮ್ಮು ಸುಲೈಮ್ ನೀರಿನ ಚರ್ಮದ ಚೀಲಗಳನ್ನು ಬೆನ್ನ ಮೇಲೆ ಹೊತ್ತು ತಂದು ಗಾಯಾಳುಗಳ ಬಾಯಿಗೆ ಹನಿಸಿದ್ದನ್ನು ಹದೀಸ್ ಗ್ರಂಥಗಳು ಹೇಳುತ್ತವೆ. ಮಶಕ್ ಹೊರುವುದು ಕೀಳು ಕೆಲಸವೆಂದು ಯಾರು ಹೇಳಬಲ್ಲರು?

ಆದರೂ ಹೇಳಿದರು. ನಮ್ಮವರೂ ಹೇಳಿದರು. ಅಶ್ರಾಫ್ ಎಂದು ಬೀಗುತ್ತಿದ್ದ ಮನೆತನಗಳು ಭಿಸ್ತಿಯ ನೀರನ್ನು ಕುಡಿದವು, ಭಿಸ್ತಿಯ ಮನೆಗೆ ಹೆಣ್ಣು ಕೊಡಲಿಲ್ಲ. ಇಂದಿಗೂ ಉತ್ತರ ಪ್ರದೇಶದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಭಿಸ್ತಿ ಅಬ್ಬಾಸಿಗಳ ಹೆಸರಿದೆ. ಹೆಸರು ಸ್ವರ್ಗದ್ದು, ಜಾಗ ಪಟ್ಟಿಯ ಕೆಳಗೆ.

ಚರ್ಮದ ಶುದ್ಧಾಶುದ್ಧದ ಪ್ರಶ್ನೆ ಇಸ್ಲಾಮಿನಲ್ಲಿ ಬಹಳ ಬೇಗನೆ ತೀರ್ಮಾನವಾಗಿತ್ತು. ಸತ್ತ ಕುರಿಯೊಂದನ್ನು ಕಂಡ ಪ್ರವಾದಿಯವರು(ಸ) ಇದರ ಚರ್ಮವನ್ನು ಹದಮಾಡಿ ಉಪಯೋಗಿಸಬಾರದಿತ್ತೇ ಎಂದು ಕೇಳಿದರು. ಅದು ಸತ್ತದ್ದು ಎಂದು ಜೊತೆಗಿದ್ದವರು ಹೇಳಿದಾಗ, ತಿನ್ನುವುದಷ್ಟೇ ನಿಷಿದ್ಧ ಎಂದು ತಿಳಿಸಿದರು. ನಮ್ಮ ಕರಾವಳಿಯ ಶಾಫಿಈಗಳೂ ಘಟ್ಟದ ಮೇಲಿನ ಹನಫಿಗಳೂ ಹದಮಾಡಿದ ಚರ್ಮ ಶುದ್ಧವೆಂಬುದನ್ನು ಒಪ್ಪುತ್ತಾರೆ. ಶುದ್ಧಿ ತರುವುದು ಹುಟ್ಟಲ್ಲ, ಹದ. ಅಂದರೆ ಕೆಲಸ, ಚರ್ಮ ಹದ ಮಾಡುವವನ ದುಡಿಮೆ. ಚರ್ಮಕ್ಕೆ ಅನ್ವಯಿಸಿದ ಈ ನಿಯಮವನ್ನು ಮನುಷ್ಯನಿಗೆ ಅನ್ವಯಿಸಲು ನಮಗೇಕೆ ಕಷ್ಟವಾಯಿತು ಎಂದು ಆಗಾಗ ಯೋಚಿಸಿದ್ದೇವೆ.

ಇನ್ನು ನಮ್ಮ ಊರುಗಳಿಗೆ ಬರೋಣ. ಕಪಿಲೆಯನ್ನು ನೋಡಿದವರು ಓದುಗರಲ್ಲಿ ಈಗ ಕೆಲವರಷ್ಟೇ ಇರಬಹುದು. ಬಾವಿಯ ದಡದಿಂದ ಇಳಿಜಾರಾದ ದಾರಿಯಲ್ಲಿ ಎತ್ತುಗಳು ಕೆಳಗೆ ನಡೆದರೆ ರಾಟೆಯ ಮೇಲಿನ ಹಗ್ಗ ಎಳೆದು ದೊಡ್ಡ ಚರ್ಮದ ಚೀಲ ಮೇಲೇರುತ್ತದೆ. ಚೀಲದ ತಳದಲ್ಲಿ ಆನೆಯ ಸೊಂಡಿಲಿನಂಥ ಚರ್ಮದ ಕೊಳವೆ. ಅದನ್ನು ಮೇಲ್ಮುಖವಾಗಿ ಹಿಡಿದಿಡಲು ಇನ್ನೊಂದು ಹಗ್ಗ. ಚೀಲ ದಡಕ್ಕೆ ಬಂದೊಡನೆ ಸೊಂಡಿಲು ಬಾಗಿ ನೀರು ತಾನಾಗಿಯೇ ಕಾಲುವೆಗೆ ಸುರಿಯುತ್ತದೆ. ವಿದ್ಯುತ್ ಪಂಪು ಬರುವ ಮೊದಲು ದಕ್ಷಿಣ ಭಾರತದ ಎಷ್ಟೋ ತೋಟಗಳು ಈ ಚೀಲದ ಮೇಲೆ ನಿಂತಿದ್ದವು. ಚೀಲ ಹೊಲಿಯುತ್ತಿದ್ದವರು ಮಾದಿಗರು, ಸಮಗಾರರು. ಅವರು ಹೊಲಿದ ಚರ್ಮ ದಿನಕ್ಕೆ ನೂರಾರು ಬಾರಿ ಮೇಲ್ಜಾತಿಯವರ ಬಾವಿಗೆ ಇಳಿಯುತ್ತಿತ್ತು. ಅವರು ಮಾತ್ರ ಅದೇ ಬಾವಿಯ ಕಟ್ಟೆ ಹತ್ತುವಂತಿರಲಿಲ್ಲ. 1927ರ ಮಾರ್ಚ್‌ನಲ್ಲಿ ಮಹಾಡದ ಚೌದಾರ್ ಕೆರೆಯಿಂದ ಬೊಗಸೆ ನೀರು ಕುಡಿಯಲು ಅಂಬೇಡ್ಕರರು ಸಾವಿರಾರು ಜನರೊಂದಿಗೆ ನಡೆದುಹೋಗಬೇಕಾಯಿತು.

ಈ ಕಪಿಲೆಯ ಚೀಲ ಒಂದು ಆಧುನಿಕ ಉದ್ಯಮಕ್ಕೂ ಕಾರಣವಾಯಿತು ಎಂಬುದು ಹೆಚ್ಚು ಜನರಿಗೆ ಗೊತ್ತಿಲ್ಲ. 20ನೆಯ ಶತಮಾನದ ಆರಂಭದಲ್ಲಿ ಆಲ್ಫ್ರೆಡ್ ಚಾಟರ್‌ಟನ್ ಎಂಬ ಇಂಜಿನಿಯರ್ ಮದರಾಸಿನಲ್ಲಿ ಕ್ರೋಮ್ ಹದದ ಪ್ರಯೋಗಕ್ಕೆ ಕೈಹಾಕಿದ. ತೊಗಟೆಯಲ್ಲಿ ಹದಗೊಂಡ ಚೀಲ ನೀರಿನಲ್ಲಿ ನೆನೆನೆನೆದು ಬೇಗ ಹಾಳಾಗುತ್ತದೆ, ಕ್ರೋಮಿಯಂ ಲವಣದಲ್ಲಿ ಹದಗೊಂಡದ್ದು ಬಾಳುತ್ತದೆ ಎಂಬುದು ಅವನ ಲೆಕ್ಕ. ಬಾವಿಯ ಚೀಲಗಳೂ ಚಪ್ಪಲಿಗಳೂ ತಯಾರಾದವು. ಸರಕಾರ ವ್ಯಾಪಾರಕ್ಕಿಳಿಯಬಾರದೆಂದು 1910ರಲ್ಲಿ ಲಂಡನ್ನಿನಿಂದ ಭಾರತ ಮಂತ್ರಿ ಮಾರ್ಲೆ ಆಕ್ಷೇಪಿಸಿದ್ದರಿಂದ ಆ ಕೆಲಸ ಸರಕಾರದ ಕೈಬಿಟ್ಟಿತು. ಚಾಟರ್‌ಟನ್ ಬಳಿಕ ಮೈಸೂರು ಸಂಸ್ಥಾನಕ್ಕೆ ಬಂದು ವಿಶ್ವೇಶ್ವರಯ್ಯನವರ ಕಾಲದಲ್ಲಿ ಕೈಗಾರಿಕಾ ಇಲಾಖೆಯನ್ನು ನೋಡಿಕೊಂಡ.

ಚರ್ಮ ಪಾತ್ರೆಯಿಂದ ಹೊದಿಕೆಯಾದದ್ದು ಸೈನ್ಯದಲ್ಲಿ. ಹಿಂದೆ ಪಡೆಗಳ ಜೊತೆ ಭಿಸ್ತಿಗಳಿರುತ್ತಿದ್ದರು. ಮದರಾಸು ಸೈನ್ಯದಲ್ಲಿ ಎತ್ತಿನ ಬೆನ್ನ ಎರಡೂ ಕಡೆ ದೊಡ್ಡ ಚರ್ಮದ ಚೀಲ ಹೇರಿ ನೀರು ತರುವ ಪಖಾಲಿಗಳಿದ್ದರು. ಗುಂಡು ಹಾರುವಲ್ಲಿಗೇ ಹೋಗಬೇಕು, ಕೈಯಲ್ಲಿ ಆಯುಧವಿಲ್ಲ, ಲೆಕ್ಕದಲ್ಲಿ ಸೈನಿಕನೂ ಅಲ್ಲ. 1890ರಲ್ಲಿ ಕಿಪ್ಲಿಂಗ್ ಇಂಥ ಒಬ್ಬ ಭಿಸ್ತಿಯ ಮೇಲೆ ಪದ್ಯ ಬರೆದು ಹೊಗಳಿದ. ಹೊಗಳಿಕೆ ಪ್ರಾಮಾಣಿಕವೇ ಇರಬಹುದು. ಆದರೆ ಅದಕ್ಕೆ ಆ ಮನುಷ್ಯ ಸಾಯಬೇಕಾಯಿತು.

ಮುಂದೆ ಪ್ರತಿ ಸಿಪಾಯಿಗೂ ಎನಾಮೆಲ್ ಬಾಟಲಿ ಬಂತು. ಮೇಲೆ ಉಣ್ಣೆಯ ಬಟ್ಟೆ, ಅದನ್ನು ಹಿಡಿದಿಡಲು ಚರ್ಮದ ಪಟ್ಟಿಗಳ ಜೋಲಿ. 1903ರ ಮಾದರಿಯ ಚರ್ಮದ ಸಜ್ಜು ಭಾರತೀಯ ಪಡೆಗಳಲ್ಲಿ ಬಹುಕಾಲ ಉಳಿಯಿತು. ಬ್ರಿಟಿಷರು 1908ರಲ್ಲಿ ಹತ್ತಿಯ ಪಟ್ಟಿಗೆ ಬದಲಾಯಿಸಿದರೂ, ಮಹಾಯುದ್ಧ ಹೊತ್ತಿದಾಗ ಅಷ್ಟು ಪಟ್ಟಿ ನೇಯಲಾಗದೆ 1914ರಲ್ಲಿ ಮತ್ತೆ ಚರ್ಮಕ್ಕೇ ಮರಳಿದರು. 1860ರ ದಶಕದಲ್ಲಿ ಶುರುವಾಗಿದ್ದ ಕಾನ್ಪುರದ ಸರಕಾರಿ ಜೀನು ಕಾರ್ಖಾನೆಗೆ ಸುಗ್ಗಿ. ಮದರಾಸು ಪ್ರಾಂತದಲ್ಲಿ ತಂಗಡಿ ತೊಗಟೆಯಿಂದ ಹದಗೊಂಡ ಚರ್ಮ ಬ್ರಿಟಿಷ್ ಸೈನ್ಯದ ಬೂಟುಗಳಿಗೆ ಹಡಗು ತುಂಬ ಹೋಯಿತು. ಆಂಬೂರು, ವಾಣಿಯಂಬಾಡಿಗಳ ಮುಸ್ಲಿಮ್ ವರ್ತಕರು ಬೆಳೆದದ್ದು, ಬೆಂಗಳೂರಿನ ಟ್ಯಾನರಿ ರಸ್ತೆಗೆ ಆ ಹೆಸರು ಬಂದದ್ದು ಎಲ್ಲವೂ ಇದೇ ವ್ಯಾಪಾರದ ಕವಲುಗಳು. ವ್ಯಾಪಾರ ಸಾಹೇಬರದು, ಸುಣ್ಣದ ಗುಂಡಿಯಲ್ಲಿ ನಿಲ್ಲುವ ಕಾಲು ದಲಿತರದು. ಇದನ್ನೂ ನಾವು ಹೇಳಬೇಕು.

ಮೇಳದಿಂದ ಬಂದ ಮೇಲೆ ನಮಗೂ ಒಂದು ಚೀಲ ಮಾಡಿಸುವ ಆಸೆಯಾಯಿತು. ಹುಬ್ಬಳ್ಳಿಯಲ್ಲಿ ರಸ್ತೆ ಬದಿ ಚಪ್ಪಲಿ ಹೊಲಿಯುವ ಹಿರಿಯರೊಬ್ಬರು ಪರಿಚಯ. ಬಾಟಲಿ ಕೊಟ್ಟೆವು. “ಏನ್ ಸಾಹೇಬ್ರ, ಬಾಟ್ಲಿಗೆ ಅಂಗಿ ಹೊಲೀಬೇಕೇನ್ರೀ?” ಎಂದು ನಕ್ಕರು. ನಾವು ಒಯ್ದಿದ್ದ ಹೊಳಪಿನ ಚರ್ಮವನ್ನು ಬೆರಳಲ್ಲಿ ಮಡಚಿ ನೋಡಿ ಬದಿಗಿಟ್ಟರು. ಅದು ಕ್ರೋಮ್ ಹದದ್ದು. ಒದ್ದೆ ಮಾಡಿ ಒತ್ತಿದರೆ ಆಕಾರ ಹಿಡಿಯುವುದಿಲ್ಲ. ತಮ್ಮ ಪೆಟ್ಟಿಗೆಯಿಂದ ತೊಗಟೆ ಹದದ ದಪ್ಪ ತುಂಡೊಂದನ್ನು ತೆಗೆದರು. ಬಾಟಲಿಗೆ ಕಾಗದ ಸುತ್ತಿ ಅಳತೆ ಹಿಡಿದು, ತಳಕ್ಕೆ ಒಂದು ಬಿಲ್ಲೆ ಸೇರಿಸಿ ರಂಪಿಗೆಯಿಂದ ಕೊಯ್ದರು. ನೀರಿನಲ್ಲಿ ಗುಳ್ಳೆ ಏಳುವುದು ನಿಲ್ಲುವವರೆಗೆ ಮುಳುಗಿಸಿ, ಪ್ಲಾಸ್ಟಿಕ್ ಸುತ್ತಿದ ಬಾಟಲಿಯ ಮೇಲೆ ಎಳೆದು ಒತ್ತಿ, ದಾರದಿಂದ ಬಿಗಿದು ನೆರಳಲ್ಲಿ ಒಣಗಲು ಬಿಟ್ಟರು. ಬಿಸಿಲಿಗಿಟ್ಟರೆ ಸೆಟೆದುಕೊಳ್ಳುತ್ತದಂತೆ.

ಮೂರನೆಯ ದಿನ ಹೊಲಿಗೆ. ಆರೆಯಿಂದ ಚುಚ್ಚಿದ ಪ್ರತಿ ತೂತಿಗೂ ಎರಡು ಸೂಜಿ, ಎರಡು ಕಡೆಯಿಂದ. ಮೇಣ ತಿಕ್ಕಿದ ದಾರ. ಒಂದು ಎಳೆ ಹರಿದರೂ ಇನ್ನೊಂದು ಹಿಡಿದಿರುತ್ತದೆ, ಯಂತ್ರದ ಹೊಲಿಗೆಯಂತೆ ಉದ್ದಕ್ಕೂ ಬಿಚ್ಚಿಕೊಂಡು ಹೋಗುವುದಿಲ್ಲ. ಹೊಲಿಯುತ್ತಲೇ ಮಾತಾಡಿದರು. ಅವರ ತಂದೆ ಕಪಿಲೆಯ ಚೀಲ ಹೊಲಿಯುವುದರಲ್ಲಿ ಹೆಸರಾದವರಂತೆ. ಸುಗ್ಗಿಗೆ ಕಾಳು ಕೊಡುತ್ತಿದ್ದರು. “ಮತ್ತ ನೀರು, ಕಾಕಾ?” ಎಂದು ಕೇಳಿದೆವು. ಅವರು ಸೂಜಿ ನಿಲ್ಲಿಸದೆ ಎರಡೂ ಕೈಗಳನ್ನು ಒಂದು ಕ್ಷಣ ಬೊಗಸೆ ಮಾಡಿ ತೋರಿಸಿ, ಮತ್ತೆ ದಾರ ಎಳೆದರು.

ಅವರ ಮಗ ಈಗ ಮೊಬೈಲ್ ಅಂಗಡಿಯಲ್ಲಿದ್ದಾನೆ. ಈ ಕಸುಬಿಗೆ ಬರುವುದು ಬೇಡವೆಂದು ಅವರೇ ಹೇಳಿದರಂತೆ. 2016ರಲ್ಲಿ ಗುಜರಾತಿನ ಊನಾದಲ್ಲಿ ಸತ್ತ ಹಸುವಿನ ಚರ್ಮ ಸುಲಿಯುತ್ತಿದ್ದ ದಲಿತ ಯುವಕರನ್ನು ಥಳಿಸಿದ ದೃಶ್ಯವನ್ನು ಮಗನೇ ಅವರಿಗೆ ಫೋನಿನಲ್ಲಿ ತೋರಿಸಿದ್ದ. ತೊಗಟೆ ಹದದ ಚರ್ಮ ಸಿಗುವುದೂ ಈಗ ಕಷ್ಟ, ನಮಗೆ ಹೊಲಿದದ್ದು ಎಷ್ಟೋ ವರ್ಷ ಹಿಂದೆ ಎತ್ತಿಟ್ಟಿದ್ದ ತುಂಡು.

ಕೂಲಿ ಕೇಳಿದೆವು. ನಾನೂರು ಎಂದರು. ಮೇಳದ ಬೆಲೆ ಹೇಳಿದಾಗ ನಂಬಲಿಲ್ಲ, ನಾವು ತಮಾಷೆ ಮಾಡುತ್ತಿದ್ದೇವೆಂದು ತಿಳಿದರು. ಹೆಚ್ಚಿಗೆ ಕೊಟ್ಟದ್ದನ್ನು ತೆಗೆದುಕೊಳ್ಳಲು ಬಹಳ ಹೊತ್ತು ಒಪ್ಪಲಿಲ್ಲ. ಆಮೇಲೆ ಎದುರಿನ ಹೋಟೆಲಿನ ನಲ್ಲಿಯಲ್ಲಿ ಬಾಟಲಿ ತುಂಬಿಸಿ ತಂದು, ಚೀಲಕ್ಕಿಳಿಸಿ, ಪಟ್ಟಿ ಹಿಡಿದು ಎರಡು ಸಲ ಜೋರಾಗಿ ಜಗ್ಗಿ ನೋಡಿದರು. ಪಟ್ಟಿ ಸ್ವಲ್ಪ ಉದ್ದವಾಗಿತ್ತು. ಇನ್ನೊಂದು ತೂತು ಹಾಕಿ, ಬಾಟಲಿ ಎತ್ತಿ ಒಂದು ಗುಟುಕು ತಾವು ಕುಡಿದು ನಮಗೆ ಚಾಚಿದರು.