ಹಳೆಯ ಕಾರಿನ ತಗಡು ಮತ್ತು ತುಕ್ಕು: ಕೊಂಗುನಾಡು, ಕರಾವಳಿ

ಕಾರಿನ ಬಾಡಿಯ ಉಕ್ಕಿನ ತಗಡು ನೀರು ಮತ್ತು ಆಮ್ಲಜನಕದ ಜೊತೆ ಸೇರಿ ಕೆಂಪು ಆಕ್ಸೈಡ್ ಆಗಿ ಉದುರುವುದನ್ನು ತಡೆಯುವುದು, ತುಕ್ಕು ತಿಂದ ಭಾಗವನ್ನು ಕತ್ತರಿಸಿ ಹೊಸ ತಗಡು ಕೂಡಿಸುವುದು, ಈ ಎರಡು ಕಸುಬುಗಳ ಚರಿತ್ರೆ ಕಾರಿನ ಚರಿತ್ರೆಯಷ್ಟೇ ಹಳೆಯದು. ತುಕ್ಕಿನ ಗಾತ್ರ ಅದು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ದೊಡ್ಡದು. ಅದು ಒಳಗಿನಿಂದ ಉಬ್ಬಿ ಬಣ್ಣವನ್ನು ಗುಳ್ಳೆ ಎಬ್ಬಿಸುತ್ತದೆ. ಹೊರಗೆ ಕಾಸಿನಗಲದ ಗುಳ್ಳೆ ಕಂಡರೆ ಒಳಗೆ ಅಂಗೈಯಗಲ ಹಾಳಾಗಿರುತ್ತದೆ ಎಂಬುದು ಗ್ಯಾರೇಜುಗಳ ಲೆಕ್ಕ. ಅದು ಬಹುಪಾಲು ಸರಿಯೇ.

ತುಕ್ಕು ಮೊದಲು ಕೇಳುವುದು ಊರಿನ ಗಾಳಿಯನ್ನು. ಇಂಗ್ಲೆಂಡಿನ ವರ್ನನ್ ಎಂಬ ರಸಾಯನಜ್ಞ 1930ರ ಆಸುಪಾಸಿನಲ್ಲಿ ನಡೆಸಿದ ಪ್ರಯೋಗಗಳ ಪ್ರಕಾರ, ಗಾಳಿಯ ತೇವಾಂಶ ಸುಮಾರು ಶೇ. 60 ದಾಟುವವರೆಗೆ ಉಕ್ಕು ಹೆಚ್ಚುಕಡಿಮೆ ಸುಮ್ಮನಿರುತ್ತದೆ. ದಾಟಿದ ಮೇಲೆ ತುಕ್ಕಿನ ವೇಗ ಒಮ್ಮೆಗೇ ಏರುತ್ತದೆ. ಉಪ್ಪು ಸೇರಿದರೆ ಆ ಮಿತಿ ಇನ್ನೂ ಕೆಳಗಿಳಿಯುತ್ತದೆ. ಮಂಗಳೂರಿನಲ್ಲಿ ವರ್ಷದ ಮಳೆ 3,500 ಮಿಲಿಮೀಟರ್ ಮೀರುತ್ತದೆ, ಮೇಲೆ ಸಮುದ್ರದ ಉಪ್ಪುಗಾಳಿ. ಕೊಯಮತ್ತೂರಿನಿಂದ ಕರೂರಿಗೆ ಹೋಗುವ ಹೆದ್ದಾರಿಯ ಮೇಲಿರುವ, ತಮಿಳುನಾಡಿನ ಕೊಂಗುನಾಡು ಸೀಮೆಯ ಕಾಂಗೇಯಂ ಪಶ್ಚಿಮ ಘಟ್ಟದ ಮಳೆನೆರಳಿನ ಬಯಲು. ಅಲ್ಲಿ ಅದರ ಕಾಲು ಭಾಗದಷ್ಟೂ ಮಳೆ ಬೀಳುವುದಿಲ್ಲ. ತಮಿಳುನಾಡಿನ ಕಾರೈಕುಡಿಯಲ್ಲಿ 1953ರಲ್ಲಿ ಬಾಗಿಲು ತೆರೆದ ಕೇಂದ್ರೀಯ ವಿದ್ಯುದ್ರಸಾಯನ ಸಂಶೋಧನಾಲಯ ಬೇರೆ ಬೇರೆ ಊರುಗಳಲ್ಲಿ ಲೋಹದ ಹಲಗೆಗಳನ್ನು ಬಯಲಿಗಿಟ್ಟು, ಅವು ಸವೆದದ್ದನ್ನು ಅಳೆದು, ದೇಶಕ್ಕೆ ಒಂದು ತುಕ್ಕಿನ ನಕ್ಷೆಯನ್ನೇ ಮಾಡಿತು. ಹಳೆಯ ಕಾರು ಕೊಳ್ಳುವವರು ಓಡೋಮೀಟರ್ ನೋಡುವ ಮೊದಲು ಆ ಕಾರು ಯಾವ ಊರಲ್ಲಿ ಬಾಳಿತು ಎಂದು ವಿಚಾರಿಸುವುದು ಇದೇ ನಕ್ಷೆಯ ಬಾಯಿಮಾತಿನ ರೂಪ.

ಹಾಗೆಂದು ಒಣ ಸೀಮೆಯ ಕಾರಿಗೆ ತುಕ್ಕಿನ ಭಯವಿಲ್ಲ ಎಂದುಕೊಳ್ಳುವಂತಿಲ್ಲ. 2009ರಲ್ಲಿ ಈರೋಡಿನಿಂದ ಬೇರ್ಪಟ್ಟು ಹೊಸ ತಿರುಪ್ಪೂರು ಜಿಲ್ಲೆಗೆ ಸೇರಿದ ಕಾಂಗೇಯಂ ಸೀಮೆಯ ಪಕ್ಕದಲ್ಲೇ ನೊಯ್ಯಲ್ ನದಿ ಹರಿಯುತ್ತದೆ. ತಿರುಪ್ಪೂರಿನ ಬನಿಯನ್ ಬಟ್ಟೆಗೆ ಬಣ್ಣ ಕಟ್ಟುವ ಕಾರ್ಖಾನೆಗಳು ಬಣ್ಣ ಹಿಡಿಯಲೆಂದು ಮೂಟೆಗಟ್ಟಲೆ ಉಪ್ಪು ಬಳಸುತ್ತವೆ; ಆ ನೀರು ದಶಕಗಳ ಕಾಲ ನದಿಗೆ ಬಿತ್ತು. ಹೊಲಕ್ಕೆ ನೀರುಣಿಸಲು ಕಟ್ಟಿದ ಒರತ್ತುಪಾಳಯಂ ಅಣೆಕಟ್ಟು ಉಪ್ಪು ಮತ್ತು ಬಣ್ಣದ ತೊಟ್ಟಿಯಾಯಿತು, ಸುತ್ತಲಿನ ಬಾವಿಗಳು ಚೌಳಾದವು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್, ಹೊರಗೆ ಹನಿ ನೀರೂ ಬಿಡದ ವ್ಯವಸ್ಥೆ ಆಗುವವರೆಗೆ ಬಣ್ಣದ ಘಟಕಗಳನ್ನು ಮುಚ್ಚಿಸಿತು. ಚೌಳು ನೀರಿನಲ್ಲಿ ತೊಳೆದು ಬಿಸಿಲಿಗೆ ಬಿಟ್ಟ ಕಾರಿನ ಸಂದುಗಳಲ್ಲಿ ನೀರು ಆರಿ ಉಪ್ಪು ಉಳಿಯುತ್ತದೆ, ಮುಂದಿನ ಇಬ್ಬನಿಗೆ ಅದು ಮತ್ತೆ ಒದ್ದೆಯಾಗುತ್ತದೆ. ರೈತರ ಮನೆಯ ಅಂಬಾಸಡರ್ ಡಿಕ್ಕಿಯಲ್ಲಿ ಚೆಲ್ಲುವ ರಸಗೊಬ್ಬರಗಳಲ್ಲೂ ಹಲವು ಲವಣಗಳೇ. ತುಕ್ಕಿಗೆ ಸಮುದ್ರವೇ ಬೇಕಿಲ್ಲ.

ಸಂದು ಎಂದೆವು, ವಿಷಯದ ಮರ್ಮ ಇರುವುದೂ ಅಲ್ಲೇ. ಕಬ್ಬಿಣದ ತುಕ್ಕು ವಿದ್ಯುದ್ರಾಸಾಯನಿಕ ಕ್ರಿಯೆ ಎಂದು ಅಮೆರಿಕದ ವಿಲ್ಲಿಸ್ ವಿಟ್ನಿ 1903ರಲ್ಲಿ ವಾದಿಸಿದರು. ಕೇಂಬ್ರಿಜ್‌ನ ಯು. ಆರ್. ಇವಾನ್ಸ್ 1920ರ ದಶಕದಲ್ಲಿ ಉಕ್ಕಿನ ಮೇಲೆ ಉಪ್ಪುನೀರಿನ ಒಂದು ಹನಿ ಇಟ್ಟು ಅಚ್ಚರಿಯ ಸಂಗತಿಯನ್ನು ತೋರಿಸಿದರು: ಗಾಳಿ ಚೆನ್ನಾಗಿ ತಾಗುವ ಹನಿಯ ಅಂಚು ಉಳಿದುಕೊಂಡಿತು, ಆಮ್ಲಜನಕ ಕಡಿಮೆ ಸಿಗುವ ನಡುಭಾಗ ಕೊರೆದುಹೋಯಿತು. ಮಡ್‌ಗಾರ್ಡಿನ ಒಳಗೆ ಮೆತ್ತಿದ ಕೆಸರು, ಎರಡು ತಗಡು ಒಂದರ ಮೇಲೊಂದು ಕೂಡುವ ಜಾಗ, ಫ್ಲೋರಿಗೆ ಹಾಸಿದ ಒದ್ದೆ ಮ್ಯಾಟಿನ ಅಡಿ, ಇವೆಲ್ಲ ಆ ಹನಿಯ ನಡುಭಾಗಗಳೇ. ಉಜ್ಜಿ ಹೊಳಪು ಮಾಡಿದ ಬಾನೆಟ್ ವರ್ಷಗಟ್ಟಲೆ ಚೆನ್ನಾಗಿದ್ದು, ಬಾಗಿಲ ಕೆಳಗಿನ ಪೊಳ್ಳು ತೊಲೆ ಪುಡಿಯಾಗುವುದಕ್ಕೆ ಕಾರಣ ಇಷ್ಟೇ. ಕಾರು ತಯಾರಕರು ಈ ಪಾಠವನ್ನು ಕಲಿಯಲು ಅರ್ಧ ಶತಮಾನ ತೆಗೆದುಕೊಂಡರು.

ಮೊದಲ ಕಾರುಗಳಿಗೆ ಈ ತೊಂದರೆ ಇಷ್ಟಿರಲಿಲ್ಲ. ಮರದ ಚೌಕಟ್ಟಿಗೆ ತಗಡು ಹೊಡೆದ ಬಾಡಿಯಲ್ಲಿ ತಗಡು ತೂತಾದರೆ ಬಿಚ್ಚಿ ಬೇರೆ ಹೊಡೆಯಬಹುದಿತ್ತು. ಮರ ಕೊಳೆಯುವುದು ಬೇರೆ ಕಥೆ. 1912ರಲ್ಲಿ ಫಿಲಡೆಲ್ಫಿಯಾದಲ್ಲಿ ಕಂಪನಿ ತೆರೆದ ಎಡ್ವರ್ಡ್ ಬಡ್ ಪೂರ್ತಿ ಉಕ್ಕಿನ ಬಾಡಿಯನ್ನು ಅಚ್ಚೊತ್ತಿ ಬೆಸೆಯುವುದನ್ನು ಬಳಕೆಗೆ ತಂದರು. 1934ರ ಸಿಟ್ರೋಯೆನ್ ಟ್ರಾಕ್ಷಿಯೋ ಅವಾಂತ್‌ನಲ್ಲಿ ಪ್ರತ್ಯೇಕ ಚಾಸಿಯೂ ಹೋಗಿ, ಬಾಡಿಯೇ ಭಾರ ಹೊರುವಂತಾಯಿತು. ಅಲ್ಲಿಂದ ತುಕ್ಕು ಅಂದಗೆಡಿಸುವ ಸಂಗತಿಯಾಗಿ ಉಳಿಯದೆ ಪ್ರಾಣದ ಪ್ರಶ್ನೆಯಾಯಿತು. ನಮ್ಮಲ್ಲಿ ಮಾರಿಸ್ ಆಕ್ಸ್‌ಫರ್ಡ್ ಆಧರಿಸಿ ಉತ್ತರಪಾರದಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾದ ಅಂಬಾಸಡರ್, ಮುಂಬಯಿಯ ಪ್ರೀಮಿಯರ್ ಪದ್ಮಿನಿ, ಎರಡೂ ಈ ಬಗೆಯವು. ಮದ್ರಾಸಿನಲ್ಲಿ 1961ರಿಂದ ತಯಾರಾದ ಸ್ಟಾಂಡರ್ಡ್ ಹೆರಾಲ್ಡ್‌ಗೆ ಮಾತ್ರ ಬೇರೆ ಚಾಸಿ ಇತ್ತು.

ಕಾರ್ಖಾನೆಯ ಮದ್ದುಗಳ ಕಥೆ ಚಿಕ್ಕದು. ಬರ್ಮಿಂಗ್‌ಹ್ಯಾಮಿನ ಕಾಸ್ಲೆಟ್ 1906ರಲ್ಲಿ ಉಕ್ಕಿಗೆ ಫಾಸ್ಫೇಟ್ ಪದರ ಕೊಡುವ ಪೇಟೆಂಟ್ ಪಡೆದರು; ಬಣ್ಣ ಕಚ್ಚಿ ಹಿಡಿಯಲು ಇಂದಿಗೂ ಅದೇ ತಳಹದಿ. 1923ರಲ್ಲಿ ಬಂದ ಡ್ಯೂಕೋ ಲ್ಯಾಕರ್ ಬಣ್ಣ ಒಣಗುವ ಹೊತ್ತನ್ನು ವಾರಗಳಿಂದ ಗಂಟೆಗಳಿಗೆ ಇಳಿಸಿತು, ಸಂದಿನೊಳಗೆ ಮಾತ್ರ ಹೋಗಲಿಲ್ಲ. 1959ರಲ್ಲಿ ಡೆಟ್ರಾಯಿಟ್‌ನ ಕರ್ಟ್ ಜೀಬಾರ್ಟ್, ಪೊಳ್ಳು ತೊಲೆಗಳಿಗೆ ತೂತು ಕೊರೆದು ಒಳಗೆ ಮೇಣದಂಥ ದ್ರವ ಸಿಂಪಡಿಸುವ ವ್ಯಾಪಾರ ಶುರುಮಾಡಿದರು. ಇಡೀ ಬಾಡಿಯನ್ನು ಬಣ್ಣದ ತೊಟ್ಟಿಗೆ ಮುಳುಗಿಸಿ ವಿದ್ಯುತ್ತಿನಿಂದ ಮೂಲೆಮೂಲೆಗೂ ಲೇಪಿಸುವ ವಿಧಾನವನ್ನು ಫೋರ್ಡ್ 1960ರ ದಶಕದಲ್ಲಿ ತಂದಿತು. ಪೋರ್ಷೆ 1970ರ ದಶಕದ ನಡುವೆ 911 ಕಾರಿನ ತಗಡಿಗೆ ಸತುವಿನ ಲೇಪ ಕೊಟ್ಟಿತು. ತಡಮಾಡಿದವರಿಗೆ ದಂಡ ಬಿತ್ತು: ಎಂಜಿನ್ ಹೊತ್ತ ಭಾಗವೇ ತುಕ್ಕು ಹಿಡಿದ ಬೀಟಾ ಕಾರುಗಳನ್ನು ಲಾನ್ಸಿಯಾ 1980ರಲ್ಲಿ ಬ್ರಿಟನ್ನಿನ ಮಾಲೀಕರಿಂದ ಮರಳಿ ಕೊಂಡುಕೊಳ್ಳಬೇಕಾಯಿತು.

ನಮ್ಮ ಹಳೆಯ ಕಾರುಗಳನ್ನು ಉಳಿಸಿದ್ದು ಈ ಪೇಟೆಂಟುಗಳಲ್ಲ, ಟಿಂಕರಿಂಗ್ ಕೆಲಸದವರು. ಹೊಸ ಕಾರಿಗೆ ವರ್ಷಗಟ್ಟಲೆ ಸರದಿ ಕಾಯಬೇಕಿದ್ದ ಪರ್ಮಿಟ್ ಕಾಲದಲ್ಲಿ ಹಳೆಯದನ್ನು ಎಸೆಯುವ ಮಾತೇ ಇರಲಿಲ್ಲ. ಬಸ್ ಬಾಡಿ ಕಟ್ಟುವುದಕ್ಕೆ ಹೆಸರಾದ ಕರೂರು ಕಾಂಗೇಯಂನ ಹೆದ್ದಾರಿಯಲ್ಲೇ ಇದೆ. ತಗಡು ಮಡಿಸುವ, ತಟ್ಟುವ ಕೈಗಳಿಗೆ ಆ ಸೀಮೆಯಲ್ಲಿ ಬರವಿರಲಿಲ್ಲ. ಬೆಂಗಳೂರಿನವರಿಗೆ ಶಿವಾಜಿನಗರದ ಗುಜರಿಯಲ್ಲಿ ಬಾಗಿಲು, ಮಡ್‌ಗಾರ್ಡುಗಳೇ ಸಿಗುತ್ತಿದ್ದವು. ಕ್ರಮ ಹೀಗೆ: ಸೀಟು ಬಿಚ್ಚಿ, ಮ್ಯಾಟ್ ಎತ್ತಿ, ಸ್ಕ್ರೂಡ್ರೈವರ್ ಚುಚ್ಚಿ ಗಟ್ಟಿ ತಗಡು ಸಿಗುವವರೆಗೂ ಗುರುತು ಮಾಡುವುದು. ಉಳಿ ಸುತ್ತಿಗೆಯಲ್ಲಿ ಅಷ್ಟನ್ನೂ ಕತ್ತರಿಸಿ ತೆಗೆದು, ಅದೇ ಆಕಾರಕ್ಕೆ ಹೊಸ ತಗಡು ತಟ್ಟಿ, ಗ್ಯಾಸ್ ವೆಲ್ಡಿಂಗಿನಲ್ಲಿ ಅಲ್ಲಲ್ಲಿ ಚುಕ್ಕಿ ಹಾಕಿ ಕೂಡಿಸುವುದು. ಒಂದೇ ಕಡೆ ಜ್ವಾಲೆ ಹೆಚ್ಚು ಹೊತ್ತು ನಿಂತರೆ ತೆಳು ತಗಡು ಅಲೆಯೇಳುತ್ತದೆ. ಒಳ್ಳೆಯ ಟಿಂಕರ್ ಯಾರೆಂದು ತಿಳಿಯುವುದು ಅಲ್ಲೇ. ಮೇಲೆ ರೆಡ್ ಆಕ್ಸೈಡ್, ಪಟ್ಟಿ (ತಗ್ಗು ತುಂಬುವ ಪುಟ್ಟಿ), ವಾಟರ್ ಪೇಪರಿನ ಉಜ್ಜು, ಬಣ್ಣ. ಮಳೆಗಾಲಕ್ಕೆ ಮುಂಚೆ ತಳಕ್ಕೆ ಹಳೆಯ ಎಂಜಿನ್ ಆಯಿಲ್ ಹೊಡೆಸುವುದು ಮಲೆನಾಡು, ಕರಾವಳಿಯ ರೂಢಿ. ಅದು ನೆಲ, ನೀರು ಕೆಡಿಸುತ್ತದೆ, ರಬ್ಬರ್ ಬುಷ್‌ಗಳನ್ನೂ ತಿನ್ನುತ್ತದೆ; ಆದರೆ ತಗಡನ್ನು ಕಾಯುತ್ತದೆ ಎಂಬುದನ್ನು ಅಲ್ಲಗಳೆಯುವಂತಿಲ್ಲ.

ಇದೇ ಕಸುಬಿನ ಕೆಟ್ಟ ರೂಪ ಪಟ್ಟಿಯ ಕೆಲಸ. 1950ರ ದಶಕದಲ್ಲಿ ಪಾಲಿಯೆಸ್ಟರ್ ಪಟ್ಟಿ ಬಂದ ಮೇಲೆ ತುಕ್ಕನ್ನು ತೆಗೆಯದೆ ಮುಚ್ಚುವುದು ಸುಲಭವಾಯಿತು. ಅದರಲ್ಲಿರುವ ಟಾಲ್ಕ್ ಪುಡಿ ತೇವ ಹೀರುತ್ತದೆ, ಅಡಿಯ ತುಕ್ಕು ಮೊದಲಿಗಿಂತ ಬೇಗ ಬೆಳೆಯುತ್ತದೆ. ಸೆಕೆಂಡ್ ಹ್ಯಾಂಡ್ ಕಾರಿನ ಮೈಗೆ ಆಯಸ್ಕಾಂತ ಹಿಡಿದು ನೋಡುವ ಪರೀಕ್ಷೆ ಹುಟ್ಟಿದ್ದು ಇದರಿಂದ. ತಗಡಿದ್ದಲ್ಲಿ ಅದು ಅಂಟುತ್ತದೆ, ದಪ್ಪ ಪಟ್ಟಿಯಿದ್ದಲ್ಲಿ ಜಾರುತ್ತದೆ.

ಪೂರ್ತಿ ಕಿತ್ತು ತೆಗೆಯಲಾಗದ ತೆಳು ತುಕ್ಕಿಗೆ ಈಗ ಬಳಸುವ ದ್ರಾವಣಗಳಲ್ಲಿ ಫಾಸ್ಫಾರಿಕ್ ಆಮ್ಲ ಅಥವಾ ಟ್ಯಾನಿಕ್ ಆಮ್ಲವಿರುತ್ತದೆ. ಎರಡನೆಯದು ತುಕ್ಕಿನೊಡನೆ ಕೂಡಿ ಕಪ್ಪು ಐರನ್ ಟ್ಯಾನೇಟ್ ಆಗುತ್ತದೆ. ಡಬ್ಬಿಯ ಮೇಲಿನ ಹೆಸರು ಹೊಸದಾದರೂ ರಸಾಯನ ನಮ್ಮದೇ ಹಳೆಯದು: ಅಳಲೆಕಾಯಿ ಮತ್ತು ಕಬ್ಬಿಣದಿಂದ ಬರೆಯುವ ಮಸಿ ಮಾಡುತ್ತಿದ್ದುದು ಇದೇ ಕ್ರಿಯೆಯಿಂದ, ತಮಿಳುನಾಡಿನ ಚರ್ಮ ಹದ ಮಾಡುವವರು ಅಳಲೆಕಾಯಿ, ತಂಗಡಿ ತೊಗಟೆಗಳಲ್ಲಿ ಹುಡುಕುತ್ತಿದ್ದುದೂ ಇದೇ ಟ್ಯಾನಿನ್ನನ್ನು. ಹೊಪ್ಪಳೆ ಏಳುವ ದಪ್ಪ ತುಕ್ಕಿನ ಮೇಲೆ ಇದು ಕೆಲಸಕ್ಕೆ ಬಾರದು.

ಕೊಯಮತ್ತೂರಿನ ಜಿ. ಡಿ. ನಾಯ್ಡು ಕುಟುಂಬದ ಸಂಗ್ರಹದಿಂದ 2015ರಲ್ಲಿ ತೆರೆದ ಜೀಡೀ ಕಾರ್ ಮ್ಯೂಸಿಯಂ, ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದ ಕಾರುಗಳು ಒಣ ಸೀಮೆ ಮತ್ತು ಮಳೆಸೀಮೆಯ ಎರಡು ತುದಿಗಳಲ್ಲಿವೆ. ಬೀದಿಯಲ್ಲಿ ಓಡುವ ಹಳೆಯ ಕಾರಿಗೆ 15 ವರ್ಷ ಕಳೆದ ಮೇಲೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಣ, ಅದಕ್ಕೂ ಮುನ್ನ ತಪಾಸಣೆ. 50 ವರ್ಷ ದಾಟಿದವಕ್ಕೆ 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ನೋಂದಣಿಯ ನಿಯಮ ತಂದಿತು. ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು ಎಂಬುದು ಅದರ ಷರತ್ತು. ಫ್ಲೋರನ್ನೂ ಪೊಳ್ಳು ತೊಲೆಗಳನ್ನೂ ಒಂದೊಂದಾಗಿ ಬದಲಿಸಿಕೊಂಡೇ ಉಳಿದುಬಂದ ಕಾರನ್ನು ಆ ಷರತ್ತಿನ ಒಳಗೆ ಹೇಗೆ ಕೂರಿಸುವುದು ಎಂಬ ತಲೆನೋವು ಈಗ ಮಾಲೀಕರದು.