ಪಾಸು ಕೊಟ್ಟವಳ ಲೆಕ್ಕ

"ಅಕ್ಕ, ನೀನೇ ಒಂದ್ಸಲ ಹೋಗಿ ನೋಡ್ಕೊಂಡು ಬಾ. ಅವಳ ಆಟದಲ್ಲಿ ನಿಜವಾಗ್ಲೂ ಏನಾದ್ರೂ ಇದೆಯಾ, ಇಲ್ಲಾ ಸುಮ್ನೆ ಮಂಡಿ ಒಡ್ಕೊಳ್ತಾ ಇದಾಳಾ? ನೀನು ಹೇಳಿದ್ರೆ ಒಪ್ಕೋತೀನಿ" ಎಂದು ತಮ್ಮ ಫೋನಿನಲ್ಲಿ ಹೇಳಿದಾಗ ನನಗೆ ನಗು ಬಂತು, ಜೊತೆಗೆ ಭಯವೂ ಆಯಿತು.

ಅವನ ಮಗಳು ಜಿಗಣಿಯ ನಮ್ಮ ಮನೆಯಲ್ಲಿದ್ದುಕೊಂಡು ಬಿ.ಕಾಂ. ಓದುತ್ತಿದ್ದಾಳೆ. ಕಾಲೇಜಿನ ಹುಡುಗಿಯರ ಫುಟ್‌ಬಾಲ್ ತಂಡದಲ್ಲಿ ನಡುವೆ ನಿಂತು ಆಡುವವಳು. ನಮ್ಮಪ್ಪನ ಕಾಲದ ಮಾತಿನಲ್ಲಿ ಹಾಫ್‌ಬ್ಯಾಕ್. ಎರಡು ವರ್ಷದಲ್ಲಿ ಅವಳು ಹೊಡೆದ ಗೋಲು ಒಂದೇ ಒಂದು. ವಿಶ್ವವಿದ್ಯಾಲಯದ ತಂಡದ ಆಯ್ಕೆಗೆ ಕಾಲೇಜಿನಿಂದ ಕಳಿಸಿದ್ದು ಗೋಲು ಹೊಡೆದ ಇಬ್ಬರನ್ನು; ಇವಳನ್ನಲ್ಲ. ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ತಮ್ಮನಿಗೆ ಅದೇ ನೆಪವಾಯಿತು. ಆಟ ಬಿಡಿಸಿ ಸಂಜೆ ಟ್ಯಾಲಿ ಕ್ಲಾಸಿಗೆ ಸೇರಿಸಬೇಕು ಎಂದು ಪಟ್ಟು ಹಿಡಿದ.

ನಾನೇನು ಆಟಗಾರ್ತಿಯಲ್ಲ. ನಮ್ಮ ಕಾಲದಲ್ಲಿ ಹುಡುಗಿಯರಿಗೆ ಕುಂಟೆಬಿಲ್ಲೆ, ಹೆಚ್ಚೆಂದರೆ ಥ್ರೋಬಾಲ್. ಆದರೂ ತಮ್ಮ ನನ್ನನ್ನೇ ಕೇಳಿದ್ದಕ್ಕೆ ಕಾರಣ ನಮ್ಮಪ್ಪ. ಅಪ್ಪ ಬೆಂಗಳೂರಿನ ಒಂದು ಬಟ್ಟೆ ಗಿರಣಿಯಲ್ಲಿ ಕೆಲಸಕ್ಕಿದ್ದರು. ಸಂಬಳದ ಒಂದು ಪಾಲು ಫುಟ್‌ಬಾಲ್ ಟಿಕೆಟ್ಟಿಗೆ ಹೋಗುತ್ತಿತ್ತು ಎಂದು ಅಮ್ಮನ ಆಪಾದನೆ. ಸಂಪಂಗಿ ಕೆರೆಯಂಗಳದ ಮೈದಾನದಲ್ಲಿ, ಅಂದರೆ ಈಗ ಕಂಠೀರವ ಕ್ರೀಡಾಂಗಣ ಇರುವ ಕಡೆ, ನಡೆದ ಆಟಗಳನ್ನು ಅಪ್ಪ ಮನೆಗೆ ಬಂದು ನಡುಮನೆಯಲ್ಲಿ ಮತ್ತೆ ಆಡಿಸುತ್ತಿದ್ದರು. ಹುಣಸೆ ಬೀಜಗಳೇ ಆಟಗಾರರು, ಕಡಲೆಕಾಳು ಚೆಂಡು. ತಮ್ಮ ಗೋಲು ಹೊಡೆಯುವ ಬೀಜವನ್ನೇ ಕೇಳುತ್ತಿದ್ದ. ನನಗೆ ಸಿಗುತ್ತಿದ್ದುದು ನಡುವಿನ ಬೀಜ. "ಚೆಂಡು ನೋಡಬೇಡ್ವೇ, ಅದು ಹೋಗೋ ಜಾಗ ನೋಡು" ಎನ್ನುತ್ತಿದ್ದರು ಅಪ್ಪ.

ಈ ಊರುಗಳ ಫುಟ್‌ಬಾಲ್ ಚರಿತ್ರೆ ಸಣ್ಣದಲ್ಲ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಬ್ರಿಟಿಷ್ ಪಟಾಲಮ್ಮುಗಳ ಕೈಯಲ್ಲೇ ಇದ್ದ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತು. ಹಾಗೆ ಗೆದ್ದ ಮೊದಲ ಭಾರತೀಯ ತಂಡ ಅದು. ಮರುವರ್ಷವೂ ಗೆದ್ದಿತು. ಮೈಸೂರು ತಂಡ 1946ರಲ್ಲೂ 1952ರಲ್ಲೂ ಸಂತೋಷ್ ಟ್ರೋಫಿ ಎತ್ತಿತು. 1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸ್‌ನಲ್ಲಿ, ಸ್ವಾತಂತ್ರ್ಯ ಬಂದು ಒಂದು ವರ್ಷವೂ ತುಂಬಿರಲಿಲ್ಲ, ನಮ್ಮವರು ಫ್ರಾನ್ಸ್ ಎದುರು ಆಡಿದರು. ಬಹುತೇಕರದು ಬರಿಗಾಲು. ಎರಡು ಪೆನಾಲ್ಟಿ ಕೈತಪ್ಪಿ 1-2ರಲ್ಲಿ ಸೋತರು. ಭಾರತದ ಆ ಒಂದು ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು.

ಅದೇ ತಂಡದಲ್ಲಿದ್ದ ಇನ್ನೊಬ್ಬ ಬೆಂಗಳೂರಿನವರು ಅಹಮದ್ ಖಾನ್. ಅಪ್ಪನಿಗೆ ರಾಮನ್‌ಗಿಂತ ಇವರೇ ದೊಡ್ಡವರು. 1949ರಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿದರು. ಅಲ್ಲಿನ ಮುನ್ಪಡೆಯ ಐವರನ್ನು ಬಂಗಾಳದ ಜನ ಪಂಚಪಾಂಡವರೆಂದೇ ಕರೆದರು. ಆ ಕ್ಲಬ್ಬು 1949ರಿಂದ ಮೂರು ವರ್ಷ ಸತತವಾಗಿ ಐ.ಎಫ್.ಎ. ಶೀಲ್ಡ್ ಗೆದ್ದಿತು. ಬರಿಗಾಲಿನ ಆಟದ ಗುಟ್ಟು ಸಣ್ಣ ಪಾಸಿನಲ್ಲಿತ್ತು. ಪಾದಕ್ಕೆ ಚೆಂಡಿನ ತೂಕ ತಿಳಿಯುತ್ತದೆ. ಬೆರಳ ಬಳಿ ಒಂದು ಕ್ಷಣ ಹಿಡಿದು, ಹತ್ತು ಗಜ ದೂರದವನಿಗೆ ಮೆತ್ತಗೆ ದೂಡಬಹುದು. ಆದರೆ ಒದ್ದೆ ನೆಲದಲ್ಲಿ ಕಾಲು ಜಾರುತ್ತದೆ, ದೂರದ ಪಾಸು ಬರಿಗಾಲಿಗೆ ಭಾರ. 1952ರಲ್ಲಿ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾ ಎದುರು 1-10ರಲ್ಲಿ ಸೋತೆವು. ಆ ಒಂದು ಗೋಲು ಅಹಮದ್ ಖಾನರದು. ಆಮೇಲೆ ನಮ್ಮಲ್ಲಿ ಬೂಟು ಕಡ್ಡಾಯವಾಯಿತು.

ಬೂಟು ಹಾಕಿಕೊಂಡ ಮೇಲೆ ಪಾಸನ್ನು ಹೊಸದಾಗಿ ಕಲಿಯಬೇಕಿತ್ತು. ಕಲಿಸಿದವರು ಹೈದರಾಬಾದಿನ ಕೋಚ್ ಸೈಯದ್ ಅಬ್ದುಲ್ ರಹೀಮ್. ಮೇಷ್ಟರಾಗಿದ್ದವರು. ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ಓಡುವುದನ್ನು ನಿಷೇಧಿಸಿ ಪಂದ್ಯ ಆಡಿಸುತ್ತಿದ್ದರಂತೆ. ಬಂದ ಚೆಂಡನ್ನು ತಕ್ಷಣ ಇನ್ನೊಬ್ಬರಿಗೆ ಕೊಡಲೇಬೇಕು. ಇನ್ನು ಕೆಲವು ಪಂದ್ಯಗಳಲ್ಲಿ ಬಲವಿಲ್ಲದ ಕಾಲಿನಿಂದ ಮಾತ್ರ ಒದೆಯಬೇಕು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಅವರ ತಂಡ ಆಸ್ಟ್ರೇಲಿಯಾವನ್ನು 4-2ರಲ್ಲಿ ಸೋಲಿಸಿ ನಾಲ್ಕನೆಯ ಸ್ಥಾನಕ್ಕೆ ಬಂತು. ಮೂರು ಗೋಲು ಹೊಡೆದ ನೆವಿಲ್ ಡಿಸೋಜಾ ಅವರ ಹೆಸರು ರಸಪ್ರಶ್ನೆಗಳಲ್ಲಿ ಇವತ್ತಿಗೂ ಬರುತ್ತದೆ. ಆ ತಂಡದ ಹಾಫ್ ಸಾಲಿನಲ್ಲಿ ನಮ್ಮ ಕೆಂಪಯ್ಯ ಇದ್ದರು ಎಂಬುದು ಎಷ್ಟು ಜನಕ್ಕೆ ಗೊತ್ತು? ಅಪ್ಪ ಕೊನೆಯವರೆಗೂ ಈ ಪ್ರಶ್ನೆಯನ್ನು ಮನೆಗೆ ಬಂದವರಿಗೆಲ್ಲ ಕೇಳುತ್ತಿದ್ದರು. ಉತ್ತರ ಬರದಿದ್ದರೆ ಕಾಫಿ ಸ್ವಲ್ಪ ತಡವಾಗುತ್ತಿತ್ತು.

ಅಮೆರಿಕದಲ್ಲಿರುವ ನನ್ನ ನಾದಿನಿಯ ಮಗ ಹೇಳಿದ ಸಂಗತಿ ಕೇಳಿ. ಅಲ್ಲಿನ ಕಾಲೇಜುಗಳ ಫುಟ್‌ಬಾಲೇ ಬೇರೆ, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಎಸೆಯುತ್ತಾರೆ. ಎಸೆಯುವವನಿಗೆ ಕ್ವಾರ್ಟರ್‌ಬ್ಯಾಕ್ ಎಂದು ಹೆಸರು. ಮುಂದಕ್ಕೆ ಎಸೆಯುವುದಕ್ಕೆ ನಿಯಮ ಒಪ್ಪಿದ್ದೇ 1906ರಲ್ಲಿ. ಅದಕ್ಕೂ ಮೊದಲು ನುಗ್ಗಾಟ, ತಳ್ಳಾಟದಲ್ಲಿ ಹುಡುಗರು ಸತ್ತದ್ದೂ ಉಂಟಂತೆ. ಈಗ ಅವನು ಎಸೆದದ್ದೆಷ್ಟು, ಕೈಸೇರಿದ್ದೆಷ್ಟು, ಎದುರಾಳಿ ಕಸಿದದ್ದೆಷ್ಟು ಎಂದು ಪ್ರತಿಯೊಂದಕ್ಕೂ ಲೆಕ್ಕ ಇಡುತ್ತಾರೆ. ತಂಡದಲ್ಲಿ ಎಲ್ಲರಿಗಿಂತ ದೊಡ್ಡ ಹೆಸರೂ ಅವನದೇ. ಅಲ್ಲಿ ಕೊಟ್ಟವನು ರಾಜ, ಇಲ್ಲಿ ಕೊಟ್ಟವಳನ್ನು ಕೇಳುವವರಿಲ್ಲ!

ಹಾಗಾದರೆ ನಾನೇ ಲೆಕ್ಕ ಇಡುತ್ತೇನೆ ಎಂದು ಹಾಲಿನ ಲೆಕ್ಕದ ಪುಸ್ತಕ, ಪೆನ್ಸಿಲ್ಲು ಹಿಡಿದು ಶನಿವಾರ ಹೊರಟೆ. ಅಂತರ ಕಾಲೇಜು ಪಂದ್ಯ. ಗ್ರಾನೈಟ್ ಕಾರ್ಖಾನೆಗಳ ಬಿಳಿ ಧೂಳು ಕೂತ ಮರಗಳ ಕೆಳಗೆ, ಹುಡುಗಿಯರ ಬ್ಯಾಗುಗಳ ಪಕ್ಕ ಒಂದು ಕಲ್ಲಿನ ಮೇಲೆ ಕೂತೆ. ಪಿ.ಟಿ. ಮೇಷ್ಟ್ರು ಒಮ್ಮೆ ನನ್ನ ಪುಸ್ತಕದ ಕಡೆ ಅನುಮಾನದಿಂದ ನೋಡಿದರು.

ಮೊದಲರ್ಧದಲ್ಲಿ ಅವಳು ಕೊಟ್ಟ ಪಾಸು 23. ತಲುಪಿದ್ದು 17. ಇಷ್ಟನ್ನು ಯಾರು ಬೇಕಾದರೂ ಎಣಿಸಬಹುದು. ತಪ್ಪಿದ ಆರರ ಮುಂದೆ ನಾನು ಕಾರಣವನ್ನೂ ಬರೆದೆ. ನಾಲ್ಕರಲ್ಲಿ ಪಾಸು ಸರಿಯಾದ ಜಾಗಕ್ಕೇ ಹೋಗಿತ್ತು, ಓಡಿ ಬರಬೇಕಾದವಳು ನಿಂತಿದ್ದಳು. ಚೆಂಡು ಕಾಲಿಗೇ ಬರಲಿ ಎಂದು ಕಾಯುವ ಅಭ್ಯಾಸ ಅವರಿಗೆ. ಇವಳು ಕೊಡುವುದು ಕಾಲಿಗಲ್ಲ, ಅವರು ಇನ್ನೆರಡು ಹೆಜ್ಜೆ ಇಟ್ಟರೆ ಇರುವ ಜಾಗಕ್ಕೆ. ಕಾಯಿಪಲ್ಯದವನು ಬೀದಿ ತಿರುವಿಗೆ ಬರುವ ಹೊತ್ತಿಗೆ ನಾವು ಗೇಟಿನಲ್ಲಿರುತ್ತೇವಲ್ಲ, ಹಾಗೆ. ಇದನ್ನು ಅವಳಿಗೆ ಯಾರೂ ಕಲಿಸಿಲ್ಲ. ಅಪ್ಪನ ಹುಣಸೆ ಬೀಜಗಳು ನೆನಪಾಗಿ ಗಂಟಲು ಕಟ್ಟಿತು.

ಆದರೆ ಅತ್ತೆಯ ಮಮತೆಯಿಂದ ತೀರ್ಪು ಕೊಟ್ಟರೆ ಅದು ತೀರ್ಪಲ್ಲ. ಉಳಿದೆರಡು ತಪ್ಪೂ ಒಂದೇ ಬಗೆಯವು. 23ರಲ್ಲಿ ಎಡಗಡೆಗೆ ಹೋದದ್ದು ಬರೀ ಮೂರು. ಅವಳ ಎಡಗಾಲು ಕೆಲಸ ಮಾಡುವುದಿಲ್ಲ. ಚೆಂಡು ಎಡಗಾಲಿಗೆ ಬಂದರೆ ಬಲಗಾಲಿಗೆ ತಿರುಗಿಸಿಕೊಳ್ಳುತ್ತಾಳೆ, ಅಷ್ಟರಲ್ಲಿ ಎದುರಾಳಿ ಮೈಮೇಲೆ ಬಂದಿರುತ್ತಾಳೆ. ಎರಡನೆಯ ಅರ್ಧದಲ್ಲಿ ಎದುರು ತಂಡದವರು ಇದನ್ನು ಕಂಡುಕೊಂಡು ಬಲಗಡೆ ಮುಚ್ಚಿದರು. ಅಲ್ಲಿಗೆ ನಮ್ಮವರ ಆಟ ಮುಗಿಯಿತು. ಎಡಪಕ್ಕದ ಹುಡುಗಿ, ಪಾಪ, ಮುಕ್ಕಾಲು ಗಂಟೆ ಸುಮ್ಮನೆ ಓಡಿದಳು. 0-1.

ಬಸ್ಸಿನಲ್ಲಿ ಬರುವಾಗ ಪುಸ್ತಕ ಅವಳ ಕೈಗೆ ಕೊಟ್ಟೆ. ಮೊದಲು ನಕ್ಕಳು. ಆಮೇಲೆ ಓದುತ್ತಾ ಓದುತ್ತಾ ಮುಖ ಸಣ್ಣದಾಯಿತು.

"ಗೋಲಿನ ವಿಷಯ ಏನೂ ಬರ್ದಿಲ್ವಲ್ಲ ಅತ್ತೆ?"

"ಅದು ನಿನ್ನ ಕೆಲಸ ಅಲ್ವಲ್ಲ."

ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಡಗಾಲಿಂದು ಅಪ್ಪಂಗೆ ಹೇಳ್ಬೇಡಿ" ಎಂದಳು. ನಾನು ಕೆಂಪಯ್ಯನವರ ಹೆಸರು ಹೇಳಿದೆ, ರಹೀಮರ ಬಲವಿಲ್ಲದ ಕಾಲಿನ ಪಂದ್ಯಗಳ ಕಥೆ ಹೇಳಿದೆ. 1980ರಲ್ಲಿ ಕಲ್ಲಿಕೋಟೆಯಲ್ಲಿ ಏಷ್ಯಾದ ಹೆಂಗಸರ ಫುಟ್‌ಬಾಲ್ ಪಂದ್ಯಾವಳಿ ನಡೆದದ್ದು, ಆ ದಶಕದಲ್ಲಿ ಬೆಂಗಳೂರಿನ ಚಿತ್ರಾ ಗಂಗಾಧರನ್ ದೇಶಕ್ಕೆ ಆಡಿದ್ದು, ಇವೂ ಅವಳಿಗೆ ಹೊಸ ಸುದ್ದಿ. ಅವಳಿಗೆ ಗೊತ್ತಿದ್ದುದು 2023ರಲ್ಲಿ ಕರ್ನಾಟಕ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಲ್ಲಿ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದದ್ದು ಮಾತ್ರ. ಅದಕ್ಕೆ ಹಿಂದಿನ ಗೆಲುವು 1968-69ರದು ಎಂದಾಗ, "ಅಷ್ಟು ವರ್ಷ ಏನ್ಮಾಡ್ತಿದ್ರು ಎಲ್ರೂ?" ಎಂದು ನನ್ನನ್ನೇ ಗದರಿದಳು.

ರಾತ್ರಿ ತಮ್ಮನಿಗೆ ಫೋನು ಮಾಡಿ ಎರಡನ್ನೂ ಹೇಳಿದೆ, ಎಡಗಾಲನ್ನೂ ಸೇರಿಸಿ. "ಟ್ಯಾಲಿ ಬೆಳಗಿನ ಬ್ಯಾಚಿಗೆ ಹಾಕು. ಸಂಜೆ ಬಿಟ್ಟುಬಿಡು" ಎಂದೆ. ಅವನು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, "ಅಪ್ಪ ಇದ್ದಿದ್ರೆ ಏನಂತಿದ್ರು?" ಎಂದ.

"ನಡುವಿನ ಬೀಜ ಯಾವತ್ತೂ ನಿಂಗೆ ಬೇಕಾಗಿರ್ಲಿಲ್ವಲ್ಲೋ" ಎಂದೆ. ನಕ್ಕ. ಬೆಳಗಿನ ಬ್ಯಾಚು ಎಷ್ಟು ಗಂಟೆಗೆ ಎಂದು ಕೇಳಿದ.

ಈಗ ದಿನಾ ಸಂಜೆ ನಮ್ಮ ಕಾಂಪೌಂಡಿನ ಗೋಡೆಗೆ ಚೆಂಡು ಬಡಿಯುವ ಸದ್ದು. ಬಲಗಾಲಿಗೆ ಬರಿ ಚಪ್ಪಲಿ, ಎಡಗಾಲಿಗೆ ಬೂಟು. ಆ ಚಪ್ಪಲಿ ನನ್ನದು. ಪಕ್ಕದ ಮನೆಯವರು ಎರಡು ಸಲ ಬಂದು ಹೇಳಿಹೋಗಿದ್ದಾರೆ, ಗೋಡೆಯ ಸುಣ್ಣವೂ ಉದುರುತ್ತಿದೆ.